ಲ್ಯಾಪ್‌ಟಾಪ್ ಒಳಗಿನ ಮೋಡೆಮ್ ಡೆಬಿಯನ್‌ಗೆ ಕಾಣಿಸುತ್ತಿಲ್ಲ, ದಾರಿ ತೋರಿಸಿ

ಪುಟತಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪುಸ್ತಕಗಳ ಕರಡು ತಿದ್ದುವ ಕೆಲಸ ಮಾಡುವವಳು. ರಾತ್ರಿ ತಿದ್ದಿದ ಪುಟಗಳನ್ನು ಬೆಳಗಾಗುವ ಮೊದಲು ಮೇಲ್‌ನಲ್ಲಿ ಕಳಿಸಬೇಕು. ಮನೆಗೆ ಬಂದಿರುವುದು ಫೋನ್ ತಂತಿ ಒಂದೇ. ಹಾಗಾಗಿ ಡಯಲ್‌ಅಪ್ ಬಿಟ್ಟರೆ ಬೇರೆ ದಾರಿ ಇಲ್ಲ.

ಎರಡು ವಾರದ ಹಿಂದೆ ಲ್ಯಾಪ್‌ಟಾಪಿಗೆ ಡೆಬಿಯನ್ 4.0 ಎಂಬ ಲಿನಕ್ಸ್ ಹಾಕಿಕೊಂಡೆ. ಕರ್ನಲ್, ಅಂದರೆ ಅದರ ತಿರುಳು, 2.6.18. ಪರದೆ, ಸೌಂಡ್, ಟಚ್‌ಪ್ಯಾಡ್ ಎಲ್ಲ ತಾವಾಗಿಯೇ ಬಂದವು. ಮೋಡೆಮ್ ಮಾತ್ರ ಬರಲಿಲ್ಲ. ಅದೇ ಮೋಡೆಮ್ ವಿಂಡೋಸ್‌ನಲ್ಲಿ ಈಗಲೂ ಸರಿಯಾಗಿ ಡಯಲ್ ಮಾಡುತ್ತದೆ, ಅಂದರೆ ಕೆಟ್ಟಿಲ್ಲ. ಈಗ ನಾನು ಡೆಬಿಯನ್‌ನಲ್ಲಿ ಕೆಲಸ ಮುಗಿಸಿ, ಫೈಲನ್ನು ಪೆನ್ ಡ್ರೈವಿಗೆ ಹಾಕಿ, ವಿಂಡೋಸ್‌ಗೆ ಹೋಗಿ ಮೇಲ್ ಕಳಿಸಿ, ಮತ್ತೆ ವಾಪಸ್ ಬರುತ್ತಿದ್ದೇನೆ. ಒಂದು ಮೇಲ್‌ಗೆ ಎರಡು ಸಲ ರೀಸ್ಟಾರ್ಟ್. ಇದು ನಿಲ್ಲಬೇಕು.

ಸಿಡಿಯಿಂದ ಡಬ್ಲ್ಯುವಿಡಯಲ್ ಎಂಬ ಡಯಲ್ ಮಾಡುವ ಪ್ರೋಗ್ರಾಂ ಹಾಕಿಕೊಂಡೆ. ಅದರ ಜೊತೆ ಬರುವ ಡಬ್ಲ್ಯುವಿಡಯಲ್‌ಕಾನ್ಫ್ ಓಡಿಸಿದರೆ ಒಂದೊಂದೇ ಸೀರಿಯಲ್ ಪೋರ್ಟ್ ತಡಕಿ, ಕೊನೆಗೆ ಮೋಡೆಮ್ ಸಿಗಲಿಲ್ಲ ಎನ್ನುತ್ತದೆ. ಯಂತ್ರದ ಒಳಗಿನ ಸಾಧನಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಮಾತ್ರ ಹೀಗೊಂದು ಸಾಲು ಇದೆ: ಇಂಟೆಲ್ 82801ಡಿಬಿ, ಐಸಿಎಚ್4, ಎಸಿ97 ಮೋಡೆಮ್ ಕಂಟ್ರೋಲರ್. ಸಂಖ್ಯೆ 8086:24ಸಿ6. ಪಟ್ಟಿಯಲ್ಲಿ ಇದೆ, ಆದರೆ ಪೋರ್ಟ್ ಇಲ್ಲ. ಇದು ಹೇಗೆ?

ನನ್ನ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹಾಕಿ ಹುಡುಕಿದೆ. ಮೂರು ಜನ ಮೂರು ಬೇರೆ ಬೇರೆ ಡ್ರೈವರ್ ಹೇಳಿದ್ದಾರೆ. ಯಾವುದನ್ನು ನಂಬಲಿ?


ತಾಮ್ರತಂತಿ:

ನನ್ನ ಸಲಹೆ ಬೇರೆ. ಸೀರಿಯಲ್ ಪೋರ್ಟಿಗೆ ಹಾಕುವ ಹೊರಗಿನ ಮೋಡೆಮ್ ಎಲ್ಲಾದರೂ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅದಕ್ಕೆ ಡ್ರೈವರ್ ಬೇಡ. ಕೇಬಲ್ ಹಾಕಿ, ಪೋರ್ಟ್ ಟಿಟಿವೈಎಸ್0 ಎಂದು ಹೇಳಿದರೆ ಆಯಿತು. ಯಾವ ಕರ್ನಲ್ ಬಂದರೂ ನಡೆಯುತ್ತದೆ. ಯುಎಸ್‌ಬಿ ಮೋಡೆಮ್‌ಗಳಲ್ಲೂ ಸಿಡಿಸಿ-ಎಸಿಎಂ ಎಂಬ ಗುಣಮಟ್ಟ ಪಾಲಿಸುವವು ಇವೆ. ಅವು ಟಿಟಿವೈಎಸಿಎಂ0 ಎಂದು ತಾವೇ ಕಾಣಿಸಿಕೊಳ್ಳುತ್ತವೆ. ಲ್ಯಾಪ್‌ಟಾಪ್ ಒಳಗಿನವುಗಳ ಹಿಂದೆ ಬಿದ್ದು ನಾನು ಒಂದು ತಿಂಗಳು ಕಳೆದಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ.


ಕಪ್ಪುಪರದೆ:

ತಾಮ್ರತಂತಿ ಅವರ ಮಾತು ಸರಿ. ಆದರೆ ಪುಟತಿದ್ದು ಅವರೇ, ನಿಮ್ಮ ಚಿಪ್‌ಗೆ ದಾರಿ ಇದೆ. ನನ್ನ ಲ್ಯಾಪ್‌ಟಾಪಿನಲ್ಲೂ ಇದೇ 24ಸಿ6. ಎರಡು ವರ್ಷದಿಂದ ಲಿನಕ್ಸ್‌ನಲ್ಲೇ ಡಯಲ್ ಮಾಡುತ್ತಿದ್ದೇನೆ.

ಮೊದಲು "ಇದೆ ಆದರೆ ಇಲ್ಲ" ಎನ್ನುವುದು ಯಾಕೆ ಎಂದು ನೋಡೋಣ. ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಹೊರಗಿನ ಮೋಡೆಮ್ ಪೆಟ್ಟಿಗೆಯಲ್ಲಿ ಮೂರು ಭಾಗ ಇರುತ್ತವೆ. ನಾವು ಕೊಡುವ ಎಟಿ ಆದೇಶಗಳನ್ನು ಓದುವುದು ಒಂದು. ಡೇಟಾವನ್ನು ಕಿರ್ ಕಿರ್ ಶಬ್ದವಾಗಿ ಬದಲಾಯಿಸುವ ಲೆಕ್ಕ ಮಾಡುವುದು ಇನ್ನೊಂದು. ಆ ಶಬ್ದವನ್ನು ಫೋನ್ ತಂತಿಗೆ ಬಿಡುವುದು ಮೂರನೆಯದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೂರನೆಯದು ಮಾತ್ರ ಇದೆ. ಮೊದಲ ಎರಡು ಕೆಲಸವನ್ನು ವಿಂಡೋಸ್ ಡ್ರೈವರ್ ಮಾಡುತ್ತಿತ್ತು, ನಿಮ್ಮ ಸಿಪಿಯು ಬಳಸಿಕೊಂಡು. ಅದಕ್ಕೇ ಇವನ್ನು ವಿನ್‌ಮೋಡೆಮ್ ಎಂದು ಕರೆಯುವುದು. ಡೆಬಿಯನ್‌ಗೆ ಬಂದಾಗ ಆ ಎರಡು ಭಾಗ ವಿಂಡೋಸ್ ಜೊತೆ ಅಲ್ಲೇ ಉಳಿದವು. ಈಗ ಇರುವುದು ಫೋನ್ ತಂತಿಗೆ ಸಿಕ್ಕಿಸಿದ ಒಂದು ಸೌಂಡ್ ಕಾರ್ಡ್. ಇದು ಬರೀ ಹೋಲಿಕೆ ಅಲ್ಲ. ಲಿನಕ್ಸ್‌ನ ಸೌಂಡ್ ವ್ಯವಸ್ಥೆ ಆಲ್ಸಾ ಇದನ್ನು ನಿಜವಾಗಿಯೂ ಸೌಂಡ್ ಕಾರ್ಡ್ ಎಂದೇ ಎಣಿಸುತ್ತದೆ. ಡಬ್ಲ್ಯುವಿಡಯಲ್‌ಕಾನ್ಫ್ ಹುಡುಕಿದ್ದು ಸೀರಿಯಲ್ ಪೋರ್ಟನ್ನು. ಅದು ಇನ್ನೂ ಹುಟ್ಟಿಯೇ ಇಲ್ಲ, ಸಿಗುವುದು ಹೇಗೆ?

ಇನ್ನು ಮಾಡೆಲ್ ಹೆಸರು. ಅದನ್ನು ಬಿಟ್ಟುಬಿಡಿ. ಮೋಡೆಮ್ ಇರುವುದು ಎಂಡಿಸಿ ಎಂಬ ಪುಟ್ಟ ಕಾರ್ಡಿನ ಮೇಲೆ. ಒಂದೇ ಮಾಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ಕಾರ್ಡ್ ಇರಬಹುದು. ಆ ಮೂರು ಜನರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಹೇಳಿರಬಹುದು. ಇಂಟೆಲ್ 24ಸಿ6 ಎನ್ನುವುದು ಕೂಡ ಬಾಗಿಲಿನ ಹೆಸರು ಅಷ್ಟೇ. ಒಳಗೆ ಯಾರಿದ್ದಾರೆ ಎಂದು ನೋಡಬೇಕು.

ಟರ್ಮಿನಲ್ ತೆರೆದು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ. ಮಾಡ್‌ಪ್ರೋಬ್ ಕೊಟ್ಟು ಎಸ್‌ಎನ್‌ಡಿ-ಇಂಟೆಲ್8ಎಕ್ಸ್0ಎಂ ಎಂಬ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಡ್ರೈವರ್) ಏರಿಸಿ. ಕೊನೆಯ ಎಂ ಮುಖ್ಯ, ಅದಿಲ್ಲದಿದ್ದರೆ ಮಾಮೂಲಿ ಸೌಂಡಿನ ಮಾಡ್ಯೂಲ್ ಆಗುತ್ತದೆ. ಆಮೇಲೆ ಪ್ರೊಕ್ ಫೋಲ್ಡರಿನಲ್ಲಿ ಅಸೌಂಡ್, ಅದರಲ್ಲಿ ಕಾರ್ಡ್ಸ್ ಎಂಬ ಫೈಲ್ ಓದಿ. 0 ಎಂದು ಸೌಂಡ್, 1 ಎಂದು ಮೋಡೆಮ್ ಬರಬೇಕು. ಆ ಮೋಡೆಮ್ ಕಾರ್ಡಿನ ಫೋಲ್ಡರ್ ಒಳಗೆ ಕೋಡೆಕ್97 ಎಂದು ಇನ್ನೊಂದು ಇರುತ್ತದೆ. ಅಲ್ಲಿ ಕೋಡೆಕ್, ಅಂದರೆ ಆ ಕಾರ್ಡಿನ ಮೇಲಿರುವ ಚಿಪ್‌ನ ಹೆಸರು ಬರೆದಿರುತ್ತದೆ. ನನ್ನದರಲ್ಲಿ ಸಿಲಿಕಾನ್ ಲ್ಯಾಬೊರೇಟರಿ ಎಸ್‌ಐ3036 ಎಂದಿದೆ. ನಿಮ್ಮದೂ ಅದೇ ಆದರೆ ಎಸ್‌ಎಲ್‌ಮೋಡೆಮ್‌ಡಿ ಎಂಬ ಪ್ರೋಗ್ರಾಂ ಸಾಕು. ಆಗಲೇ ಹೇಳಿದ ಮೊದಲ ಎರಡು ಭಾಗದ ಕೆಲಸವನ್ನು ಇದು ಮಾಡುತ್ತದೆ, ಟಿಟಿವೈಎಸ್‌ಎಲ್0 ಎಂಬ ಪೋರ್ಟನ್ನೂ ಹುಟ್ಟಿಸುತ್ತದೆ.

ತೊಡಕು ಒಂದಿದೆ. ಡೆಬಿಯನ್‌ನಲ್ಲಿ ಈ ಪ್ಯಾಕೇಜ್ ಹೆಸರು ಎಸ್‌ಎಲ್-ಮೋಡೆಮ್-ಡೀಮನ್. ಇದು ಮುಕ್ತ ಪರವಾನಗಿ ಇಲ್ಲದವುಗಳ ನಾನ್-ಫ್ರೀ ವಿಭಾಗದಲ್ಲಿದೆ, ಹಾಗಾಗಿ ನಿಮ್ಮ ಸಿಡಿಯಲ್ಲಿ ಇರುವುದಿಲ್ಲ. ಇಂಟರ್ನೆಟ್ ಬೇಕೆಂದರೆ ಮೋಡೆಮ್ ಬೇಕು, ಮೋಡೆಮ್ ಬೇಕೆಂದರೆ ಇಂಟರ್ನೆಟ್ ಬೇಕು. ನಿಮಗೆ ವಿಂಡೋಸ್ ಇದೆಯಲ್ವಾ, ಅಲ್ಲಿಂದಲೇ ಡೌನ್‌ಲೋಡ್ ಮಾಡಿ ಪೆನ್ ಡ್ರೈವಿಗೆ ಹಾಕಿ. ಐ386 ಎಂದಿರುವುದನ್ನೇ ಆರಿಸಿ. ಡಯಲ್‌ಅಪ್‌ನಲ್ಲಿ ಒಂದು ಎಂಬಿ ಇಳಿಯಲು ಸುಮಾರು ಮೂರು ನಿಮಿಷ. ಪ್ಯಾಕೇಜ್ ಚಿಕ್ಕದೇ, ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಪ್ಯಾಕೇಜ್ ಹಾಕುವ ಡಿಪಿಕೆಜಿ ಆದೇಶದ ಮೂಲಕ ಹಾಕಿ.

ಆಮೇಲೆ ಇಟಿಸಿ, ಡಿಫಾಲ್ಟ್ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲ್ ತೆರೆಯಿರಿ. ಎರಡು ಸಾಲು ಮುಖ್ಯ. ದೇಶದ ಸಾಲಿನಲ್ಲಿ ನಿಮ್ಮ ದೇಶ ಬರೆಯಿರಿ. ಡಯಲ್ ಟೋನ್ ಹೇಗಿರುತ್ತದೆ, ಲೈನ್ ಎಷ್ಟು ಸದ್ದು ತಾಳುತ್ತದೆ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಸುಮ್ನೆ ಅಮೆರಿಕ ಎಂದೇ ಬಿಟ್ಟರೆ ಕೆಲವು ಲೈನ್‌ಗಳಲ್ಲಿ ಟೋನ್ ಗುರುತು ಸಿಗುವುದಿಲ್ಲ. ಸಾಧನದ ಸಾಲಿನಲ್ಲಿ ಎಚ್‌ಡಬ್ಲ್ಯು:1 ಎಂದು ಬರೆಯಿರಿ. ಆ 1 ಎಂದರೆ ಕಾರ್ಡ್ ಪಟ್ಟಿಯಲ್ಲಿ ಕಂಡ ಸಂಖ್ಯೆ. ಡೀಮನ್ (ಹಿನ್ನೆಲೆಯಲ್ಲಿ ಓಡುವ ಆ ಪ್ರೋಗ್ರಾಂ) ಮತ್ತೆ ಶುರು ಮಾಡಿ, ಡಬ್ಲ್ಯುವಿಡಯಲ್ ಫೈಲಿನಲ್ಲಿ ಮೋಡೆಮ್ ಎಂದಿರುವ ಕಡೆ ಟಿಟಿವೈಎಸ್‌ಎಲ್0 ಎಂದು ಕೈಯಲ್ಲೇ ಬರೆಯಿರಿ. ಕ್ಯಾರಿಯರ್ ಚೆಕ್ ಎನ್ನುವುದಕ್ಕೆ ನೋ ಕೊಡಿ. ನಿಮ್ಮ ಹೆಸರನ್ನು, ಮೋಡೆಮ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಲು ಮರೆಯಬೇಡಿ.

ಇಷ್ಟು ಮಾಡಿ ಏನಾಯಿತು ಹೇಳಿ.


ಅಂಚಿನಮನೆ:

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಪಿಸಿಐ ಸಂಖ್ಯೆ 11ಸಿ1 ಎಂದು ಶುರುವಾದರೆ ಅದು ಲೂಸೆಂಟ್ ಅಥವಾ ಅಗೆರೆ. ಅದಕ್ಕೆ ಎಲ್‌ಟಿಮೋಡೆಮ್ ಎಂಬ ಬೇರೆ ಡ್ರೈವರ್. 14ಎಫ್1 ಆದರೆ ಕೊನೆಕ್ಸಂಟ್. ಅದರ ಎಚ್‌ಎಸ್‌ಎಫ್ ಡ್ರೈವರ್ ದುಡ್ಡು ಕೊಡದೆ ಬಳಸಿದರೆ ವೇಗ 14.4 ಕೆಬಿಪಿಎಸ್ ದಾಟುವುದಿಲ್ಲ. ಗೊತ್ತಾಗದಿದ್ದರೆ ಸ್ಕ್ಯಾನ್‌ಮೋಡೆಮ್ ಎಂಬ ಸ್ಕ್ರಿಪ್ಟ್ ಇದೆ, ಅದನ್ನು ಓಡಿಸಿ. ಅದು ಮೋಡೆಮ್‌ಡೇಟಾ ಎಂಬ ಫೈಲಿನಲ್ಲಿ ಎಲ್ಲ ಬರೆದುಕೊಡುತ್ತದೆ.


ಪುಟತಿದ್ದು:

ಕಪ್ಪುಪರದೆ ಅವರೇ, ತುಂಬಾ ಥ್ಯಾಂಕ್ಸ್. ಕೋಡೆಕ್ ನೀವು ಹೇಳಿದ್ದೇ, ಎಸ್‌ಐ3036. ಪ್ಯಾಕೇಜ್ ಹಾಕಿದೆ. ಟಿಟಿವೈಎಸ್‌ಎಲ್0 ಬಂತು! ಅದನ್ನು ನೋಡಿ ಆದ ಖುಷಿ ಹೇಳಲಾರೆ. ಡಬ್ಲ್ಯುವಿಡಯಲ್ ಓಡಿಸಿದರೆ ಮೋಡೆಮ್ ಓಕೆ ಎಂದು ಉತ್ತರ ಕೊಡುತ್ತದೆ. ಆದರೆ ಡಯಲ್ ಮಾಡುವ ಹೊತ್ತಿಗೆ ನೋ ಡಯಲ್‌ಟೋನ್ ಎಂದು ನಿಂತುಬಿಡುತ್ತದೆ. ದೇಶ ಸರಿಯಾಗಿಯೇ ಹಾಕಿದ್ದೇನೆ. ಅದೇ ತಂತಿಯನ್ನು ಫೋನಿಗೆ ಹಾಕಿದರೆ ಟೋನ್ ಕೇಳುತ್ತದೆ. ಸ್ವಲ್ಪ ತಡೆತಡೆದು ಬರುತ್ತದೆ, ಅಷ್ಟೇ.


ಕಪ್ಪುಪರದೆ:

ತಡೆತಡೆದು ಬರುತ್ತದೆ ಎಂದಿರಲ್ಲ, ಅಲ್ಲೇ ಇದೆ ಉತ್ತರ. ನಿಮ್ಮ ಫೋನಿಗೆ ವಾಯ್ಸ್‌ಮೇಲ್ ಇದ್ದು, ಯಾರೋ ಬಿಟ್ಟ ಸಂದೇಶ ಕೇಳದೆ ಉಳಿದಿರಬೇಕು. ಆಗ ಎಕ್ಸ್‌ಚೇಂಜ್ ಟೋನನ್ನು ತುಂಡು ತುಂಡಾಗಿ ಕೊಡುತ್ತದೆ. ನಮ್ಮ ಕಿವಿಗೆ ಅದು ಟೋನೇ. ಮೋಡೆಮ್ ಕಾಯುವುದು ಒಂದೇ ಸಮ ಬರುವ ಟೋನಿಗೆ. ಸಂದೇಶ ಕೇಳಿ ಅಳಿಸಿದರೆ ಇವತ್ತು ಸರಿಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ಅದರ ಬದಲು ಡಬ್ಲ್ಯುವಿಡಯಲ್ ಫೈಲಿನಲ್ಲಿ ಇನಿಟ್3 ಎಂದು ಒಂದು ಸಾಲು ಸೇರಿಸಿ ಎಟಿಎಕ್ಸ್3 ಎಂದು ಬರೆಯಿರಿ. ಟೋನಿಗೆ ಕಾಯದೆ ನೇರ ಡಯಲ್ ಮಾಡು ಎಂದು ಅದರ ಅರ್ಥ. ನಂಬರಿನ ಮುಂದೆ ಎರಡು ಅಲ್ಪವಿರಾಮ ಹಾಕಿ. ಒಂದೊಂದಕ್ಕೂ ಸುಮಾರು ಎರಡು ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಲೈನ್ ಸಿದ್ಧವಾಗಿರುತ್ತದೆ.


ತಾಮ್ರತಂತಿ:

ಟೋನ್ ವಿಷಯ ಬಂದಿದ್ದರಿಂದ ಒಂದು ಎಚ್ಚರಿಕೆ. ಪ್ರಯೋಗ ಮಾಡಲು ಲ್ಯಾಪ್‌ಟಾಪನ್ನು ಕಚೇರಿಗೆ ಒಯ್ದು ಅಲ್ಲಿನ ಫೋನ್ ಜಾಕ್‌ಗೆ ಹಾಕಬೇಡಿ. ದೊಡ್ಡ ಕಚೇರಿಗಳ ಒಳಗಿನ ಎಕ್ಸ್‌ಚೇಂಜ್ ಎಷ್ಟೋ ಕಡೆ ಡಿಜಿಟಲ್. ಜಾಕ್ ನೋಡಲು ಒಂದೇ ಥರ, ಒಳಗೆ ಹರಿಯುವ ಕರೆಂಟ್ ಬೇರೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹಾಗೆ ಹಾಕಿ ನನ್ನ ಹಳೆಯ ಲ್ಯಾಪ್‌ಟಾಪಿನ ಮೋಡೆಮ್ ಸುಟ್ಟುಹೋಯಿತು. ಆಮೇಲೆ ಅದು ವಿಂಡೋಸ್‌ನಲ್ಲೂ ಏಳಲಿಲ್ಲ. ಫ್ಯಾಕ್ಸ್ ಯಂತ್ರಕ್ಕೆ ಕೊಟ್ಟ ಲೈನ್ ಇದ್ದರೆ ಪರವಾಗಿಲ್ಲ, ಅದು ಮಾಮೂಲಿ ಲೈನ್.


ಪುಟತಿದ್ದು:

ಡಯಲ್ ಆಯಿತು! ಆ ಕಿರುಚಾಟ ಕೇಳಿ ಮನೆಯವರೆಲ್ಲ ಎದ್ದು ಬಂದರು. ಕನೆಕ್ಟ್ 44000 ಎಂದು ಬಂತು. ಐಪಿ ವಿಳಾಸ ಕೂಡ ಸಿಕ್ಕಿದೆ, ಎರಡು ಡಿಎನ್‌ಎಸ್ (ಹೆಸರನ್ನು ಸಂಖ್ಯೆಗೆ ಬದಲಾಯಿಸುವ ಸರ್ವರ್) ವಿಳಾಸವೂ ಬಂದಿವೆ. ಆದರೆ ಬ್ರೌಸರಿನಲ್ಲಿ ಒಂದು ಪುಟವೂ ತೆರೆಯುತ್ತಿಲ್ಲ. ಮೇಲ್ ಕೂಡ ಹೋಗುತ್ತಿಲ್ಲ. ಐದು ನಿಮಿಷ ಕಾದು ಫೋನ್ ಕಟ್ ಮಾಡಿದೆ. ವಿಂಡೋಸ್‌ನಲ್ಲಿ ಇದೇ ಹೆಸರು, ಇದೇ ಪಾಸ್‌ವರ್ಡ್.


ಕಪ್ಪುಪರದೆ:

ಹೆಸರು, ಪಾಸ್‌ವರ್ಡ್ ಸರಿ ಇದ್ದದ್ದಕ್ಕೇ ಐಪಿ ಸಿಕ್ಕಿದ್ದು. ಮೋಡೆಮ್ ಕೆಲಸ ಮುಗಿಯಿತು. ಅದನ್ನು ಇನ್ನು ಮುಟ್ಟಬೇಡಿ. ಈಗ ತೊಂದರೆ ಇರುವುದು ಅದರ ಮೇಲಿನ ಮೆಟ್ಟಿಲಲ್ಲಿ.

ಮತ್ತೆ ಕನೆಕ್ಟ್ ಮಾಡಿ. ನಿಮಗೆ ಸಿಕ್ಕ ಡಿಎನ್‌ಎಸ್ ವಿಳಾಸದ ಸಂಖ್ಯೆಗೇ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದಾ ಎಂದು ನೋಡಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಹೆಸರು ಹುಡುಕುವ ಕಡೆ ತೊಂದರೆ. ಸಂಖ್ಯೆಗೂ ಬರದಿದ್ದರೆ ಡೇಟಾ ಹೋಗುವ ದಾರಿ (ರೂಟ್) ತಪ್ಪಿದೆ. ಸಿಸ್‌ಲಾಗ್ ಎಂಬ ದಾಖಲೆ ಫೈಲಿನಲ್ಲಿ, ಸಂಪರ್ಕ ನಡೆಸುವ ಪಿಪಿಪಿಡಿ ಬರೆದ ಸಾಲುಗಳನ್ನೂ ಓದಿ. ಈಗಾಗಲೇ ಇರುವ ಡಿಫಾಲ್ಟ್ ರೂಟನ್ನು ಬದಲಾಯಿಸುತ್ತಿಲ್ಲ ಎಂಬ ಸಾಲು ಇದೆಯಾ? ಜೊತೆಗೆ ಇಟಿಎಚ್0 (ನೆಟ್‌ವರ್ಕ್ ಪೋರ್ಟ್) ಹೆಸರು ಇದೆಯಾ? ಡೆಬಿಯನ್ ಹಾಕುವಾಗ ನೆಟ್‌ವರ್ಕ್ ಬಗ್ಗೆ ಕೇಳಿದಾಗ ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನ ವಿಳಾಸ) ಏನಾದರೂ ತುಂಬಿದ್ದಿರಾ?


ಪುಟತಿದ್ದು:

ತುಂಬಿದ್ದೆ! ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲವೇನೋ ಎಂದುಕೊಂಡು ಪರದೆಯಲ್ಲಿ ತೋರಿಸಿದ ಉದಾಹರಣೆಯನ್ನೇ ಹಾಗೇ ಬರೆದಿದ್ದೆ. ಲಾಗ್‌ನಲ್ಲಿ ನೀವು ಹೇಳಿದ ಸಾಲು ಅಕ್ಷರಕ್ಕೆ ಅಕ್ಷರ ಇದೆ. ಅಂದರೆ ನನ್ನ ಮೇಲ್‌ಗಳೆಲ್ಲ ಫೋನ್ ಲೈನಿಗೆ ಹೋಗುವ ಬದಲು, ಏನೂ ಸಿಕ್ಕಿಸದೆ ಇರುವ ನೆಟ್‌ವರ್ಕ್ ಪೋರ್ಟ್ ಕಡೆ ಹೋಗುತ್ತಿದ್ದವು.

ಇಟಿಸಿ, ನೆಟ್‌ವರ್ಕ್, ಇಂಟರ್‌ಫೇಸಸ್ ಫೈಲಿನಿಂದ ಗೇಟ್‌ವೇ ಸಾಲು ತೆಗೆದೆ. ಒಂದು ಸಲ ರೀಸ್ಟಾರ್ಟ್ ಮಾಡಿ ಡಯಲ್ ಮಾಡಿದೆ. ಪುಟ ತೆರೆಯಿತು. ನಿನ್ನೆ ರಾತ್ರಿ ತಿದ್ದಿದ ಅಧ್ಯಾಯ, 340 ಕೆಬಿ, ಡೆಬಿಯನ್‌ನಿಂದಲೇ ಹೋಯಿತು. ಎರಡೂವರೆ ನಿಮಿಷ ಹಿಡಿಯಿತು.

ಎರಡು ಉಳಿದಿವೆ. ಲ್ಯಾಪ್‌ಟಾಪ್ ಮುಚ್ಚಿ ಮಲಗಿಸಿ ಮತ್ತೆ ಎಬ್ಬಿಸಿದರೆ ಮೋಡೆಮ್ ಉತ್ತರ ಕೊಡುವುದಿಲ್ಲ. ಇನ್ನೊಂದು, ಮೇಲ್ ಹೋಗುವಾಗ ದೊಡ್ಡ ಫೈಲನ್ನು ಜಿಪ್ ಮಾಡಲು ಕೊಟ್ಟೆ. ಲೈನ್ ಕಟ್ಟಾಯಿತು. ಕಾಕತಾಳೀಯವೋ?


ಕಪ್ಪುಪರದೆ:

ಕಾಕತಾಳೀಯ ಅಲ್ಲ. ಲೆಕ್ಕ ಮಾಡುವುದು ನಿಮ್ಮ ಸಿಪಿಯು ತಾನೇ. ಅದಕ್ಕೆ ಬೇರೆ ಭಾರ ಬಿದ್ದು ಶಬ್ದ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಆ ಕಡೆಯವರು ಫೋನ್ ಇಟ್ಟುಬಿಡುತ್ತಾರೆ. ಲೈನಿನಲ್ಲಿ ಇರುವಾಗ ಜಿಪ್, ವಿಡಿಯೋ ಇಂಥವು ಬೇಡ. ಮಾಡಲೇಬೇಕೆಂದರೆ ಆ ಆದೇಶದ ಮುಂದೆ ನೈಸ್ ಎಂದು ಸೇರಿಸಿ. ಆಗ ಅದು ಮೋಡೆಮ್‌ಗೆ ದಾರಿ ಬಿಟ್ಟು ನಿಧಾನಕ್ಕೆ ನಡೆಯುತ್ತದೆ.

ನಿದ್ದೆಯಿಂದ ಎದ್ದ ಮೇಲೆ ಇಟಿಸಿ, ಇನಿಟ್.ಡಿ ಒಳಗಿನ ಎಸ್‌ಎಲ್-ಮೋಡೆಮ್-ಡೀಮನ್‌ಗೆ ರೀಸ್ಟಾರ್ಟ್ ಕೊಡಿ. ನಾನೂ ಹಾಗೇ ಮಾಡುತ್ತೇನೆ. ಅದಕ್ಕೂ ಏಳದಿದ್ದರೆ ಮೊದಲು ಡೀಮನ್ ನಿಲ್ಲಿಸಿ, ಆ ಎಂ ಮಾಡ್ಯೂಲ್ ಇಳಿಸಿ, ಮತ್ತೆ ಏರಿಸಿ, ಆಮೇಲೆ ಡೀಮನ್ ಶುರು ಮಾಡಿ. ಡೀಮನ್ ಓಡುತ್ತಿರುವಾಗ ಮಾಡ್ಯೂಲ್ ಇಳಿಯುವುದಿಲ್ಲ, ಅದಕ್ಕೇ ಈ ಕ್ರಮ.