ಕಂಪುಂಗ್ ಮತ್ತು ಕಾಂಪೌಂಡು ಗೋಡೆ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಂದು ಕಟ್ಟಳೆಯಿದೆ. ಕನ್ನಡವನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕು, ವಾಕ್ಯವನ್ನು ಅರ್ಧಕ್ಕೆ ಬಿಡಬಾರದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ದೊಡ್ಡಪ್ಪನವರು ಹಾಕಿದ ಕಟ್ಟಳೆ ಇದು. ಇದರ ದೆಸೆಯಿಂದ ನಮ್ಮಲ್ಲಿ ಜಗಳಗಳೂ ವ್ಯಾಕರಣಶುದ್ಧವಾಗಿಯೇ ನಡೆಯುತ್ತವೆ. ಕಳೆದ ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಅವರೇ ಒಂದು ಸಂದೇಶವನ್ನು ಎಲ್ಲಿಂದಲೋ ತಂದು ಹಾಕಿದರು.

“ಮಲೇಷ್ಯಾದಲ್ಲಿ ಹಳ್ಳಿಗೆ ಕಂಪುಂಗ್ ಎನ್ನುತ್ತಾರೆ. ಇದು ನಮ್ಮ ಶಾಸನಗಳಲ್ಲಿ ಬರುವ ಕಂಪಣವಲ್ಲದೆ ಬೇರೇನೂ ಅಲ್ಲ. ಕನ್ನಡಿಗರಾಗಿದ್ದರೆ ಹತ್ತು ಜನರಿಗೆ ಕಳುಹಿಸಿ.” ಇದರ ಕೆಳಗೆ ದೊಡ್ಡಪ್ಪನವರ ಸ್ವಂತ ಷರಾ: “ಹೊರಗಿನವರು ನಮ್ಮ ಪದವನ್ನು ಉಳಿಸಿಕೊಂಡಿದ್ದಾರೆ. ನಮ್ಮ ಮಕ್ಕಳು ಊರನ್ನೇ ಉಳಿಸಿಕೊಳ್ಳಲಿಲ್ಲ.”

ಏಳು ಗಂಟೆಯೊಳಗೆ ಹನ್ನೊಂದು ಮಂದಿ ಕೈಮುಗಿದಿದ್ದರು. ಅವರಲ್ಲಿ ಒಬ್ಬರಾದರೂ ಪೂರ್ತಿ ಓದಿದ್ದರೆಂದು ನನಗನ್ನಿಸುವುದಿಲ್ಲ. ಓದಿದವರು ಮೈಸೂರಿನ ಭಾವ ಒಬ್ಬರೇ, ಎಂದಿನಂತೆ.

“ಮಾವನವರೇ, ಇದಕ್ಕೆ ಆಧಾರ ಯಾವುದೆಂದು ದಯವಿಟ್ಟು ತಿಳಿಸಬೇಕು. ಕಂಪಣವೆಂದರೆ ಹಲವು ಊರುಗಳನ್ನು ಒಳಗೊಂಡ ಆಡಳಿತದ ವಿಭಾಗ. ಅದು ಅಧಿಕಾರಿಗಳ ಮಾತು. ಕಂಪುಂಗ್ ಎಂಬುದು ಹತ್ತಾರು ಮನೆಗಳು ಒತ್ತಾಗಿರುವ ಜಾಗ. ಧ್ವನಿ ಹೋಲುತ್ತದೆಯೆಂಬ ಒಂದೇ ಕಾರಣಕ್ಕೆ ನಂಟಸ್ತಿಕೆ ಬೆಳೆಸಲಾಗುವುದಿಲ್ಲ.”

“ಹೋದ ತಿಂಗಳು ಬಾಳೆಎಲೆಯ ಸಂದೇಶಕ್ಕೂ ನೀವು ಆಧಾರ ಕೇಳಿದ್ದಿರಿ,” ಎಂದು ದೊಡ್ಡಪ್ಪನವರು ಬರೆದರು. “ನಾವು ಮಾತ್ರ ಯಾವ ಆಧಾರವನ್ನೂ ಕೇಳದೆ ನಿಮಗೆ ಹೆಣ್ಣು ಕೊಟ್ಟೆವು.”

ಇದಕ್ಕೂ ಕೆಲವರು ಕೈಮುಗಿದರು. ಭಾವ ಮಾತ್ರ ಹಿಂದೆ ಸರಿಯಲಿಲ್ಲ. ಮಲಯ ಭಾಷೆಗೆ ಸಂಸ್ಕೃತದಿಂದ ಹೋದ ಪದಗಳು ಬೇಕಾದಷ್ಟಿವೆ, ಹೆಮ್ಮೆ ಪಡುವುದಾದರೆ ಅವುಗಳ ಬಗ್ಗೆ ಪಡೋಣ ಎಂದರು. ಮಲೇಷ್ಯಾದ ರಾಜ್ಯಗಳಿಗೆ ‘ನೆಗೆರಿ’ ಎಂಬ ಹೆಸರಿದೆ, ಕೋಟೆಗೂ ನಗರಕ್ಕೂ ‘ಕೋಟ’ ಎನ್ನುತ್ತಾರೆ, ಇಂಡೋನೇಷ್ಯಾದ ಸರ್ಕಾರಿ ಕಾಗದಗಳಲ್ಲಿ ಹಳ್ಳಿಗೆ ‘ದೇಸ’ ಎಂದೇ ಬರೆಯುತ್ತಾರೆ. ಸ್ವಂತ ಸೊತ್ತಿನ ಇಷ್ಟು ಪಟ್ಟಿಯಿರುವಾಗ ಕಂಪುಂಗನ್ನೂ ಖಾತೆ ಮಾಡಿಸಿಕೊಳ್ಳುವ ಅಗತ್ಯವೇನಿದೆ ಎಂಬುದು ಅವರ ಪ್ರಶ್ನೆ.

ಅಷ್ಟರಲ್ಲಿ ಕೌಲಾಲಂಪುರದ ಅಕ್ಕ ಎದ್ದಿದ್ದಳು. ಅವಳು ದೊಡ್ಡಪ್ಪನವರ ಮಗಳು. ‘ನಮ್ಮ ಮಕ್ಕಳು’ ಎಂಬ ಬಹುವಚನದ ಏಕೈಕ ಗುರಿ ತಾನೇ ಎಂಬುದು ಅವಳಿಗೆ ಗೊತ್ತಿತ್ತು.

“ಅಪ್ಪಾ, ಕಂಪುಂಗಿಗೆ ಹಳ್ಳಿ ಎಂಬ ಅರ್ಥ ಸಾಲದು, ಅದಕ್ಕೆ ನಮ್ಮ ‘ಊರು’ ಎಂಬುದೇ ಸರಿಹೊಂದುವ ಮಾತು. ರಂಜಾನ್ ಮುಗಿದು ಹಬ್ಬ ಬಂದಾಗ ಇಲ್ಲಿ ಎಲ್ಲರೂ ‘ಬಾಲಿಕ್ ಕಂಪುಂಗ್’ ಎನ್ನುತ್ತಾರೆ, ಅಂದರೆ ಊರಿಗೆ ಹೋಗುವುದು. ಹೆದ್ದಾರಿಯಲ್ಲಿ ಮೈಲುಗಟ್ಟಲೆ ಕಾರುಗಳು ನಿಲ್ಲುತ್ತವೆ, ರೈಲಿನ ಟಿಕೆಟ್ಟುಗಳು ವಾರಗಳ ಮೊದಲೇ ಮುಗಿದಿರುತ್ತವೆ. ನನ್ನ ಆಫೀಸಿನ ಚೀನೀ ಗೆಳತಿ ತನ್ನ ಹೊಸ ವರ್ಷಕ್ಕೆ ಪಟ್ಟಣವೊಂದರ ಬಹುಮಹಡಿ ಕಟ್ಟಡಕ್ಕೆ ಹೋಗುವಾಗಲೂ ಬಾಲಿಕ್ ಕಂಪುಂಗ್ ಎಂದೇ ಹೇಳಿ ಹೋಗುತ್ತಾಳೆ. ಮಹಾನಗರದ ಮಧ್ಯದಲ್ಲೂ ಕಂಪುಂಗ್ ಇರುತ್ತದೆ. 1900ರ ಸುಮಾರಿಗೆ ಮಲಯರ ನೆಲೆಯಾಗಿ ಆರಂಭವಾದ ಕಂಪುಂಗ್ ಬಾರು, ಅಂದರೆ ಹೊಸೂರು, ಈಗ ಇಲ್ಲಿನ ಗಗನಚುಂಬಿ ಪೆಟ್ರೋನಾಸ್ ಗೋಪುರಗಳ ಮಗ್ಗುಲಲ್ಲೇ ಇದೆ. ಮರದ ಮನೆಯ ಮೆಟ್ಟಿಲ ಮೇಲೆ ಕುಳಿತರೆ ಬಟ್ಟೆ ಒಣಹಾಕಿದ ಹಗ್ಗದ ಮೇಲ್ಗಡೆ ಆ ಗೋಪುರಗಳು ಕಾಣುತ್ತವೆ. ಜಕಾರ್ತದಲ್ಲಂತೂ ಕಂಪುಂಗ್ ಎಂದರೆ ಓಣಿಗಳ ಕಿಕ್ಕಿರಿದ ಕೇರಿ. ಅಲ್ಲಿ ಒಬ್ಬನನ್ನು ‘ಕಂಪುಂಗನ್’ ಎಂದು ಕರೆದರೆ ಹಳ್ಳಿಗುಗ್ಗು ಎಂದು ಬೈದಂತೆ. ಅದೇ ಕಂಪುಂಗ್ ಕೋಳಿಯ ಜೊತೆಗೆ ಬಂದರೆ ಬೆಲೆ ಏರುತ್ತದೆ. ‘ಆಯಾಂ ಕಂಪುಂಗ್’ ಎಂದರೆ ನಾಟಿ ಕೋಳಿ.”

ನಾಟಿ ಕೋಳಿ ಎಂಬ ಮಾತು ಬಿದ್ದದ್ದೇ ತಡ, ನಾಗಮಂಗಲದ ಅತ್ತೆ ಎಚ್ಚೆತ್ತರು. ಅಜ್ಜಿ ಸಾಕಿದ್ದ ಹುಂಜ, ಅದು ಬೇಲಿ ಹಾರಿ ಪಕ್ಕದ ಮನೆಯ ರಾಗಿ ಮೆದ್ದದ್ದು, ಹಬ್ಬದ ದಿನ ಒರಳಿನಲ್ಲಿ ರುಬ್ಬಿದ ಖಾರದ ಘಮ, ಇವನ್ನೆಲ್ಲ ಅವರು ಒಂದೇ ವಾಕ್ಯದಲ್ಲಿ, ಅಲ್ಪವಿರಾಮವನ್ನಷ್ಟೇ ನಂಬಿಕೊಂಡು ಬರೆದರು. ಕೊನೆಗೆ, “ಆಗ ನಮ್ಮ ಮನೆಗೂ ಬೇಲಿಯಷ್ಟೇ ಇತ್ತು,” ಎಂದು ಸೇರಿಸಿದರು. ಆ ಸಾಲನ್ನು ಬರೆಯಬಾರದಿತ್ತೆಂದು ಗುಂಪಿನಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ತಿಳಿಯದವರು ಭಾವ ಒಬ್ಬರೇ. ಅವರ ಗಮನವೆಲ್ಲ ವ್ಯುತ್ಪತ್ತಿಯ ಮೇಲಿತ್ತು.

“ಬೇಲಿಯ ಮಾತು ಬಂದದ್ದು ಒಳ್ಳೆಯದಾಯಿತು. ನಿಜವಾದ ಸಂಬಂಧ ಇರುವುದು ಅಲ್ಲಿಯೇ. ಪದ ನಮ್ಮಿಂದ ಅಲ್ಲಿಗೆ ಹೋಗಲಿಲ್ಲ, ಅಲ್ಲಿಂದ ನಮ್ಮಲ್ಲಿಗೆ ಬಂದಿತು. ಮನೆಯ ಸುತ್ತಲಿನ ಆವರಣಕ್ಕೆ ಇಂಗ್ಲಿಷರು ಬಳಸುವ ‘ಕಾಂಪೌಂಡ್’ ಎಂಬ ಮಾತು ಬಹುಮಟ್ಟಿಗೆ ಮಲಯದ ಕಂಪುಂಗಿನಿಂದಲೇ ಹುಟ್ಟಿದ್ದು. ಯೂಲ್ ಮತ್ತು ಬರ್ನೆಲ್ ಅವರ 1886ರ ಪದಕೋಶದಲ್ಲಿ ಇದರ ಚರ್ಚೆಯಿದೆ. ಬರ್ನೆಲ್ ಎಂದರೆ ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿದವರೇ. ಯೂರೋಪಿನ ವ್ಯಾಪಾರಿಗಳು ಮಲಯ ದ್ವೀಪಗಳಲ್ಲಿ ಬೇಲಿ ಹಾಕಿದ ಮನೆಗುಂಪಿಗೆ ಕೇಳಿಸಿಕೊಂಡ ಹೆಸರನ್ನು ಭಾರತಕ್ಕೆ ತಂದರು, ಬಂಗಲೆಗಳ ಅಂಗಳಕ್ಕೆ ಅಂಟಿಸಿದರು. ನಾವು ಅದಕ್ಕೆ ಉಕಾರ ಸೇರಿಸಿ ‘ಕಾಂಪೌಂಡು’ ಮಾಡಿಕೊಂಡೆವು. ಆದ್ದರಿಂದ ಊರಿನ ಮನೆಯ ಸುತ್ತ ಇರುವುದು ಮಲಯದ ಪದವೇ.”

ಎಂಟು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಆಮೇಲೆ ಊರಿನಲ್ಲೇ ಇರುವ ಚಿಕ್ಕಪ್ಪ, ಗುಂಪಿನಲ್ಲಿ ಹುಟ್ಟುಹಬ್ಬಗಳಿಗಲ್ಲದೆ ಬಾಯಿ ತೆರೆಯದವರು, ಬರೆದರು: “ಪದ ಯಾರದ್ದಾದರೂ ಇರಲಿ, ಗೋಡೆಯ ಇಟ್ಟಿಗೆ, ಸಿಮೆಂಟು ಮತ್ತು ಗಾರೆಯವರ ಕೂಲಿ ನನ್ನದು. ಅರ್ಧ ಕೊಡುತ್ತೇನೆಂದವರು 1998ರಿಂದ ಇನ್ನೂ ಕೊಡಲಿಲ್ಲ.”

“ಅರ್ಧ ಕೊಡುತ್ತೇನೆಂದದ್ದು ಗೆರೆಯ ಮೇಲೆ ಕಟ್ಟಿದರೆ ಎಂಬ ಷರತ್ತಿನ ಮೇಲೆ,” ಎಂದರು ದೊಡ್ಡಪ್ಪ. “ಬಾವಿಯ ಕಡೆಗೆ ಎರಡಡಿ ಒಳಸರಿಸಿ ಕಟ್ಟಿದವರು ಯಾರೆಂದು ನಾನು ಹೆಸರಿಸುವುದಿಲ್ಲ. ಹಿರಿಯರಿದ್ದಾಗ ಬೇಲಿಯಿತ್ತು, ಮನಸ್ಸು ಒಂದಾಗಿತ್ತು.”

“ಹಿರಿಯರಿದ್ದಾಗ ನಮ್ಮ ಹುಂಜದ ದೆಸೆಯಿಂದ ಪಂಚಾಯ್ತಿ ಸೇರಿತ್ತು,” ಎಂದು ಅತ್ತೆ ತಿದ್ದಿದರು.

ಭಾವ ಈಗ ಪೂರ್ತಿ ಕಂಗಾಲು. ಕಾಂಪೌಂಡಿನ ಮೂಲದ ಬಗ್ಗೆ ಬೇರೆ ಅಭಿಪ್ರಾಯಗಳೂ ಇವೆ, ಪೋರ್ಚುಗೀಸರ ‘ಕಾಂಪೊ’ ಎಂಬ ಪದವನ್ನು ಮುಂದಿಟ್ಟವರಿದ್ದಾರೆ ಎಂದು ಅವರು ಸಮಾಧಾನಕ್ಕೆ ಹೊರಟರು. ಪೋರ್ಚುಗೀಸರೂ ಅರ್ಧ ಕೊಡಲಿಕ್ಕಿಲ್ಲ ಎಂದು ಚಿಕ್ಕಪ್ಪ ಉತ್ತರಿಸಿದರು. ಕಂಪಣದ ಸುದ್ದಿ ಅಲ್ಲಿಗೆ ಎಲ್ಲರಿಗೂ ಮರೆತಿತ್ತು.

ಅಕ್ಕ ಮತ್ತೊಮ್ಮೆ ಬಂದಳು. ಬ್ರೂನೈ ದೇಶದಲ್ಲಿ ‘ಕಂಪೊಂಗ್ ಆಯೆರ್’ ಎಂಬ ನೀರೂರು ಇದೆ, ನದಿಯಲ್ಲಿ ಕಂಬಗಳ ಮೇಲೆ ಮನೆಗಳು ನಿಂತಿವೆ, ಮೆಗೆಲನ್ನನ ಹಡಗುಗಳಲ್ಲಿದ್ದ ಪಿಗಾಫೆಟ್ಟ 1521ರಲ್ಲೇ ಅಲ್ಲಿ ನೀರಿನ ಮೇಲಿದ್ದ ಪಟ್ಟಣವನ್ನು ಕಂಡು ಬರೆದಿಟ್ಟಿದ್ದಾನೆ, ಮನೆಯಿಂದ ಮನೆಗೆ ಹೋಗಬೇಕಾದರೆ ಹಲಗೆಯ ಹಾದಿ ಇಲ್ಲವೇ ದೋಣಿ ಎಂದು ಬರೆದು, ಕೆಳಗೊಂದು ಫೋಟೋ ಹಾಕಿದಳು. ಕಂದು ನೀರಿನ ಮೇಲೆ ಸಣಕಲು ಕಂಬಗಳು, ತಗಡಿನ ಸೂರು, ಒಂದು ಹೊಸಿಲಿನಾಚೆ ಮಣ್ಣು ತುಂಬಿದ ಡಬ್ಬಿಯಲ್ಲಿ ಮೆಣಸಿನ ಗಿಡ.

“ಅಲ್ಲಿ ಗೋಡೆಯ ತಕರಾರು ಇರಲಾರದು,” ಎಂದರು ದೊಡ್ಡಪ್ಪ.

“ಹಲಗೆಯ ಹಾದಿಯದ್ದು ಇರಬಹುದು,” ಎಂದರು ಚಿಕ್ಕಪ್ಪ. ಆ ದಿನ ಅಣ್ಣತಮ್ಮಂದಿರು ಒಬ್ಬರ ಮಾತಿಗೆ ಇನ್ನೊಬ್ಬರು ನೇರವಾಗಿ ಉತ್ತರಿಸಿದ್ದು ಅದೇ ಮೊದಲು.

ಸಂಜೆ ಅಕ್ಕ ಕೇಳಿದಳು: “ಯುಗಾದಿಗೆ ನಾನು ಬಾಲಿಕ್ ಕಂಪುಂಗ್ ಮಾಡುತ್ತಿದ್ದೇನೆ. ವಿಮಾನ ಇಳಿದು ಊರು ತಲುಪುವಾಗ ನಡುರಾತ್ರಿಯಾಗಬಹುದು. ಕಾಂಪೌಂಡು ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ?”

“ಗೇಟಿಗೆ ಬೀಗ ಹಾಕುವುದಿಲ್ಲ ಮಗಳೇ,” ಎಂದು ಚಿಕ್ಕಪ್ಪ ಬರೆದರು. “ಬೀಗದ ದುಡ್ಡಿನಲ್ಲೂ ಅರ್ಧ ಬರಬೇಕಾಗಿತ್ತು.”