ಅಪ್ಪಂಗೆ ಸಿಒಪಿಡಿ (ಉಸಿರಾಟ ಕಷ್ಟ ಆಗೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ, ನಿದ್ದೆ ಮಾತ್ರೆ ಕೊಡಬಹುದಾ?

ಪ್ರಶ್ನೆ: ಅಪ್ಪಂಗೆ ರಾತ್ರಿ ಎರಡಾದ್ರೂ ನಿದ್ದೆ ಇಲ್ಲ, ದಿಂಬು ತಬ್ಕೊಂಡು ಮುಂದಕ್ಕೆ ಬಾಗಿ ಕೂತಿರ್ತಾರೆ. ಅಮ್ಮನ ಹತ್ರ ಅಲ್ಪ್ರಜೋಲಮ್ 0.5 ಮಿ.ಗ್ರಾಂ ನಿದ್ದೆ ಮಾತ್ರೆ ಇದೆ, ಅರ್ಧ ಕೊಡೋಣ ಅಂತಿದಾರೆ. ಪರವಾಗಿಲ್ವಾ?

ಉತ್ತರ 1: ದಯವಿಟ್ಟು ಡಾಕ್ಟರ್‌ನ ಕೇಳದೆ ಕೊಡ್ಬೇಡಿ. ಅಲ್ಪ್ರಜೋಲಮ್, ಕ್ಲೋನಜೆಪಾಮ್ ಥರದವು ಉಸಿರಾಟನ ತಗ್ಗಿಸ್ತವೆ, ಶ್ವಾಸಕೋಶ ಮೊದಲೇ ಸೋತಿರೋರಿಗೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳ್ಕೊಳ್ಳುತ್ತೆ, ಬೆಳಗ್ಗೆ ತಲೆನೋವು ಮಂಪರು ಅಂತ ಎದ್ರೆ ಅದೇ ಇರಬಹುದು. ಕೋಡೀನ್ ಇರೋ ಕೆಮ್ಮಿನ ಸಿರಪ್ಪೋ ಡ್ರಿಂಕ್ಸೋ ಜೊತೆ ಸೇರಿದ್ರಂತೂ ಕೇಳ್ಲೇಬೇಡಿ.

ಉತ್ತರ 2: ನಿದ್ದೆ ಯಾಕೆ ಬರ್ತಿಲ್ಲ ಅಂತ ಮೊದ್ಲು ನೋಡಿ. ನಮ್ಮಮ್ಮಂಗೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ರಾತ್ರಿ ಊಟ ಆದ್ಮೇಲೆ ಕೊಡ್ತಿದ್ವಿ, ಡಾಕ್ಟರ್ ಅದನ್ನ ಬೆಳಗ್ಗೆಗೆ ಹಾಕಿದ್ರು, ವಾರದಲ್ಲಿ ಅರ್ಧ ತೊಂದ್ರೆ ಹೋಯ್ತು. ಉಸಿರಾಟಕ್ಕೆ ಅಂತ ಕೊಡೋ ಥಿಯೋಫಿಲಿನ್ ಕೂಡ ನಿದ್ದೆ ಕೆಡಿಸುತ್ತೆ.

ಉತ್ತರ 3: ಜೋಲ್ಪಿಡೆಮ್ ಅನ್ನೋ ನಿದ್ದೆ ಮಾತ್ರೆ ಸೇಫ್ ಅಂತಾರಲ್ಲ?

ಉತ್ತರ 1: ರಿಸ್ಕ್ ಸ್ವಲ್ಪ ಕಮ್ಮಿ ಇರಬಹುದು ಅಷ್ಟೇ, ಪೂರ್ತಿ ಸೇಫ್ ಅಲ್ಲ. ಹಾಂ, ಇನ್ನೊಂದು, ಇಂಥ ಮಾತ್ರೆ ವರ್ಷಗಟ್ಟಲೆ ತಗೊಳ್ತಿರೋರು ದಿಢೀರ್ ಅಂತ ನಿಲ್ಲಿಸೋದೂ ಡೇಂಜರ್, ಡಾಕ್ಟರ್ ಹೇಳ್ದಂಗೆ ನಿಧಾನಕ್ಕೆ ಇಳಿಸ್ಬೇಕು.

ಪ್ರಶ್ನೆ ಕೇಳಿದವರು: ಅಯ್ಯೋ, ನಾವೂ ಸ್ಟೀರಾಯ್ಡ್ ರಾತ್ರಿ ಒಂಬತ್ತಕ್ಕೇ ಕೊಡ್ತಿದೀವಿ!! ನಾಳೆನೇ ಕೇಳ್ತೀನಿ. ಅಮ್ಮನ ಸ್ಟ್ರಿಪ್ ಎತ್ತಿಟ್ಟೆ.