‘ಆಲ್ಕೋಹಾಲ್ ಫ್ರೀ’ ಕ್ರೀಮಿನಲ್ಲಿ ಸೆಟೈಲ್ ಆಲ್ಕೋಹಾಲ್ ಯಾಕಿದೆ?

ಒಣಚರ್ಮದವಳು:
ಚಳಿ ಶುರುವಾಯಿತು, ಅಮ್ಮನ ಹಿಮ್ಮಡಿ ಬಿರಿಯುತ್ತಿದೆ. ಒಂದು ಕ್ರೀಮ್ ತಂದುಕೊಟ್ಟೆ. ಡಬ್ಬಿಯ ಮುಂದೆ ‘ಆಲ್ಕೋಹಾಲ್ ಫ್ರೀ’ ಎಂದಿದೆ. ಹಿಂದೆ ತಿರುಗಿಸಿದರೆ ಮೂರನೇ ಹೆಸರೇ ಸೆಟೈಲ್ ಆಲ್ಕೋಹಾಲ್, ಆಮೇಲೆ ಸ್ಟಿಯರಿಲ್ ಆಲ್ಕೋಹಾಲ್! ‘ಇದನ್ನ ಹಚ್ಚಿಕೊಂಡು ದೇವರ ಮನೆಗೆ ಹೋಗಲ್ಲ’ ಅಂತ ಅಮ್ಮ ಹಟ ಹಿಡಿದಿದ್ದಾರೆ. ನನ್ನ ಚಿಂತೆ ಬೇರೆ. ಆಲ್ಕೋಹಾಲ್ ಚರ್ಮ ಒಣಗಿಸುತ್ತದೆ ಅಲ್ವಾ?

ಲೋಷನ್ ಬ್ಯಾಚಿನವನು:
ಲೋಷನ್ ತಯಾರಿಸುವುದೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಒಣಗಿಸುವುದು ಎಥನಾಲ್, ಸ್ಯಾನಿಟೈಸರಿನಲ್ಲಿ ಇರುತ್ತಲ್ಲ ಅದು. ಪಟ್ಟಿಯಲ್ಲಿ ‘ಆಲ್ಕೋಹಾಲ್ ಡಿನ್ಯಾಟ್’ ಎಂದಿರುತ್ತದೆ. ಅದರ ಅಣುವಿನಲ್ಲಿ ಇಂಗಾಲದ ಪರಮಾಣು ಎರಡೇ, ಹಚ್ಚಿದ ಕೂಡಲೇ ಹಾರಿಹೋಗುತ್ತದೆ. ಸೆಟೈಲ್‌ನಲ್ಲಿ 16, ಸ್ಟಿಯರಿಲ್‌ನಲ್ಲಿ 18. ಅಷ್ಟುದ್ದದ ಸರಪಳಿ ಎಲ್ಲಿಗೆ ಹಾರುತ್ತದೆ?

ನಮ್ಮಲ್ಲಿಗೆ ಇದು ಚೀಲದಲ್ಲಿ ಬರುತ್ತದೆ. ಬಿಳಿ ಚಕ್ಕೆ, ಮುಟ್ಟಿದರೆ ಮೇಣ. ಸೆಟೈಲ್ 50 ಡಿಗ್ರಿ ಹತ್ತಿರ ಕರಗುತ್ತದೆ. ಎಣ್ಣೆ, ಎಮಲ್ಸಿಫೈಯರ್ (ನೀರು-ಎಣ್ಣೆ ಬೆರೆಯುವಂತೆ ಮಾಡುವ ವಸ್ತು) ಜೊತೆ ಕರಗಿಸಿ, ಬಿಸಿನೀರು ಸೇರಿಸಿ ಜೋರಾಗಿ ಕಡೆದರೆ ಮೊದಲು ಹಾಲಿನಂತೆ ತೆಳ್ಳಗಿರುತ್ತದೆ. ತಣ್ಣಗಾಗುತ್ತಾ ಬಂದಂತೆ ಗಟ್ಟಿಯಾಗಿ ಕ್ರೀಮ್ ಆಗುತ್ತದೆ. ಆ ಗಟ್ಟಿತನ ಕೊಡುವುದು, ನೀರೂ ಎಣ್ಣೆಯೂ ಬೇರೆಯಾಗದಂತೆ ನೋಡಿಕೊಳ್ಳುವುದು ಈ ಚಕ್ಕೆಯ ಕೆಲಸ. ಚರ್ಮವನ್ನೂ ಮೆತ್ತಗೆ ಮಾಡುತ್ತದೆ.

ಡಬ್ಬಿಯವರು ಸುಳ್ಳು ಬರೆದಿಲ್ಲ. ‘ಆಲ್ಕೋಹಾಲ್ ಫ್ರೀ’ ಎಂದಿದ್ದರೂ ಸೆಟೈಲ್, ಸ್ಟಿಯರಿಲ್ ಇರಬಹುದು ಎಂದು ಔಷಧ, ಸೌಂದರ್ಯವರ್ಧಕಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಹೇಳುತ್ತದೆ. ಅಮ್ಮನಿಗೆ ಹೇಳಿ, ಇದರಲ್ಲಿ ಅಮಲಂತೂ ಇಲ್ಲ.

ಸೊಪ್ಪುಸಾರು:
ಸರ್, ಇದನ್ನು ತಿಮಿಂಗಿಲದಿಂದ ತೆಗೆಯುತ್ತಾರೆ ಅಂತ ಯಾರೋ ಹೇಳಿದ್ದರು. ದೇವರ ಮನೆ ಮಾತು ಬಂತಲ್ಲ, ಅದಕ್ಕೇ ಕೇಳಿದೆ.

ಲೋಷನ್ ಬ್ಯಾಚಿನವನು:
ಒಂದು ಕಾಲದಲ್ಲಿ ಹೌದು. 1817ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೂಲ್ ಸೆಟೈಲ್ ಆಲ್ಕೋಹಾಲನ್ನು ಕಂಡುಹಿಡಿದದ್ದೇ ಸ್ಪರ್ಮ್ ತಿಮಿಂಗಿಲದ ತಲೆಯೊಳಗಿನ ಮೇಣದಿಂದ. ಈಗ ಹೆಚ್ಚಾಗಿ ತಾಳೆ ಎಣ್ಣೆ, ತೆಂಗಿನೆಣ್ಣೆಯಿಂದ ಮಾಡುತ್ತಾರೆ. ಪೆಟ್ರೋಲಿಯಂನಿಂದಲೂ ಆಗುತ್ತದೆ.

ಕೆರೆತದ ಕಿಟ್ಟಿ:
ಎಲ್ಲರಿಗೂ ಒಗ್ಗುತ್ತೆ ಅನ್ನಬೇಡಿ. ನನಗೆ ಸೆಟಿಯರಿಲ್ ಆಲ್ಕೋಹಾಲ್ ಇರುವ ಕ್ರೀಮ್ ಹಚ್ಚಿದರೆ ಮೊಣಕೈ ಹತ್ತಿರ ಕೆಂಪಗೆ ಗುಳ್ಳೆ ಏಳುತ್ತೆ. ಚರ್ಮದ ಡಾಕ್ಟರ್ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಸ್ವಲ್ಪ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ) ಮಾಡಿ ಅದೇ ಕಾರಣ ಅಂದರು.

ಲೋಷನ್ ಬ್ಯಾಚಿನವನು:
ಒಪ್ಪಿದೆ, ಅಪರೂಪಕ್ಕೆ ಹಾಗಾಗುತ್ತದೆ. ಸೆಟಿಯರಿಲ್ ಅಂದರೆ ಸೆಟೈಲ್, ಸ್ಟಿಯರಿಲ್ ಎರಡರ ಮಿಶ್ರಣ. ಕುರಿಯ ಉಣ್ಣೆಯ ಜಿಡ್ಡಿನಿಂದ ಬರುವ ಲ್ಯಾನೊಲಿನ್ ಆಲ್ಕೋಹಾಲ್ ಕೂಡ ಕೆಲವರಿಗೆ ಆಗಿಬರುವುದಿಲ್ಲ. ಅಮ್ಮನಿಗೆ ಮೊದಲು ಮುಂಗೈ ಒಳಬದಿಗೆ ನಾಲ್ಕಾರು ದಿನ ಹಚ್ಚಿ ನೋಡಿ. ರಕ್ತ ಬರುವಷ್ಟು ಬಿರಿದ ಜಾಗಕ್ಕೆ ಮಾತ್ರ ಡಾಕ್ಟರನ್ನು ಕೇಳದೆ ಏನೂ ಹಚ್ಚಬೇಡಿ.